ಕ್ಯಾಂಟೀನಿನ ಗೋಡೆಯ ಮೇಲಿದ್ದ ಮರುಭೂಮಿ

ಆಸ್ಟ್ರೇಲಿಯದ ಮಾರ್ನಿಂಗ್ಟನ್ ಪರ್ಯಾಯದ್ವೀಪದಲ್ಲಿ ಕಾಮನ್‌ವೆಲ್ತ್ ಬ್ಯಾಂಕಿನ ತರಬೇತಿ ಕೇಂದ್ರವೊಂದಿತ್ತು. ಅದರ ಕ್ಯಾಂಟೀನಿನ ಗೋಡೆಯ ಮೇಲೆ ಎರಡು ಮೀಟರ್ ಎತ್ತರದ, ಮೂರು ಮೀಟರ್‌ಗೂ ಮಿಕ್ಕಿ ಅಗಲದ ಚಿತ್ರವೊಂದು ನೇತಾಡುತ್ತಿತ್ತು. ಬ್ಯಾಂಕ್ ಅದಕ್ಕೆ ಕೊಟ್ಟಿದ್ದು 1,200 ಡಾಲರ್. ತರಬೇತಿಗೆ ಬಂದವರು ಅದರ ಕೆಳಗೆ ಕೂತು ಉಂಡು ಎದ್ದು ಹೋಗುತ್ತಿದ್ದರು. 1996ರಲ್ಲಿ ಅದು ಹರಾಜಿಗೆ ಬಂದು 36,000 ಡಾಲರ್‌ಗೆ ಒಬ್ಬ ಕಲಾ ವ್ಯಾಪಾರಿಯ ಕೈ ಸೇರಿತು. 2007ರ ಜುಲೈ 24ರಂದು ಎರಡನೆಯ ಸಲ ಹರಾಜಾದಾಗ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ ಅದನ್ನು 24 ಲಕ್ಷ ಡಾಲರ್ ತೆತ್ತು ಕೊಂಡಿತು. ಅಲ್ಲಿಯ ತನಕ ಯಾವ ಮೂಲನಿವಾಸಿ ಕಲಾವಿದರ ಚಿತ್ರಕ್ಕೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ.

ಚಿತ್ರದ ಹೆಸರು 'ವಾರ್ಲುಗುಲಾಂಗ್'. 1977ರಲ್ಲಿ ಅದನ್ನು ಬರೆದವರು ಮಧ್ಯ ಆಸ್ಟ್ರೇಲಿಯದ ಮರುಭೂಮಿಯ ಮೂಲನಿವಾಸಿ ಕಲಾವಿದ ಕ್ಲಿಫರ್ಡ್ ಪೋಸಮ್ ಜಾಪಲ್‌ಜಾರಿ. ಬೆಲೆ ಏರಿದ ಕಥೆಯನ್ನು ಪತ್ರಿಕೆಗಳು ಚಪ್ಪರಿಸಿ ಬರೆದವು. ನನ್ನ ಕುತೂಹಲ ಬೇರೆ. ಈ ಮೂರು ವ್ಯವಹಾರಗಳಲ್ಲಿ ಕೈಯಿಂದ ಕೈಗೆ ದಾಟಿದ್ದು ಏನು? ಬಟ್ಟೆ ದಾಟಿತು, ಬಣ್ಣ ದಾಟಿತು. ಅದರೊಳಗಿನ ಕಥೆ ಮಾತ್ರ ಇದ್ದಲ್ಲೇ ಉಳಿಯಿತು, ಏಕೆಂದರೆ ಮರುಭೂಮಿಯ ಕಾನೂನಿನಲ್ಲಿ ಕಥೆಗೂ ವಾರಸುದಾರರಿರುತ್ತಾರೆ, ಮತ್ತು ಅದನ್ನು ಮಾರುವ ಹಕ್ಕು ಆ ವಾರಸುದಾರರಿಗೂ ಇಲ್ಲ.

ಮೊದಲು ಆ ಕಥೆ. ಮಧ್ಯ ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ವಾರ್ಲುಗುಲಾಂಗ್ ಎಂಬ ಜಾಗ ಸಿಗುತ್ತದೆ. ಅಲ್ಲಿ ಲುಂಕಾಟ ಎಂಬ ಮುದುಕನಿದ್ದ. ಅವನು ಮನುಷ್ಯನೂ ಹೌದು, ನೀಲಿ ನಾಲಿಗೆಯ ಹಲ್ಲಿಯೂ ಹೌದು. ಆ ಹಲ್ಲಿ ಈಗಲೂ ಆ ಕಡೆ ಓಡಾಡಿಕೊಂಡಿದೆ: ದಪ್ಪ ಮೈ, ಗಿಡ್ಡ ಕಾಲು, ಹೆದರಿಸಿದರೆ ಬಾಯಿ ಕಳೆದು ಶಾಯಿ ಕುಡಿದಂಥ ನಾಲಿಗೆಯನ್ನು ಚಾಚುತ್ತದೆ. ಮುದುಕನಿಗೆ ಇಬ್ಬರು ಗಂಡುಮಕ್ಕಳು. ಅವರು ಬೇಟೆಗೆ ಹೋಗಿ ಒಂದು ಕಾಂಗರೂವನ್ನು ಕೊಂದರು. ಕೊಲ್ಲಬಾರದ, ಪವಿತ್ರವಾದ ಕಾಂಗರೂ ಅದು. ಸಾಲದ್ದಕ್ಕೆ ಅಪ್ಪನಿಗೆ ಒಂದು ತುಂಡನ್ನೂ ಉಳಿಸದೆ ತಿಂದು ಮುಗಿಸಿದರು. ಬೇಟೆಯ ಮಾಂಸದಲ್ಲಿ ಯಾರಿಗೆ ಯಾವ ಪಾಲು ಎಂಬುದು ಅಲ್ಲಿ ಹುಡುಗಾಟದ ವಿಷಯವಲ್ಲ. ಮುದುಕ ಕೊಳ್ಳಿಯನ್ನು ಊದಿ ಪೊದೆಗೆ ಬೆಂಕಿಯಿಟ್ಟ. ಮಕ್ಕಳು ಸೊಪ್ಪಿನ ಕೊಂಬೆ ಮುರಿದು ಬೆಂಕಿಯನ್ನು ಬಡಿದರು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಹೊತ್ತಿಕೊಂಡಿತು. ದಕ್ಷಿಣಕ್ಕೆ ಓಡಿದರು, ಬೆಂಕಿ ಬೆನ್ನು ಬಿಡಲಿಲ್ಲ. ಕೊನೆಗೆ ಇಬ್ಬರೂ ಬೆಂದು ಸತ್ತರು. ಲೋಕದ ಮೊದಲ ಕಾಡ್ಗಿಚ್ಚು ಹುಟ್ಟಿದ್ದು ಹೀಗೆ.

ಕ್ಲಿಫರ್ಡ್ ಪೋಸಮ್ ಚಿತ್ರದಲ್ಲಿ ಈ ಇಬ್ಬರು ಮಕ್ಕಳು ಎರಡು ಅಸ್ಥಿಪಂಜರಗಳಾಗಿ ಬಿದ್ದಿದ್ದಾರೆ. ಉಳಿದಂತೆ ಮನುಷ್ಯರೂ ಇಲ್ಲ, ಹಲ್ಲಿಯೂ ಇಲ್ಲ. ಇರುವುದು ಗುರುತುಗಳು. ಒಂದರೊಳಗೊಂದು ಸುತ್ತಿದ ವೃತ್ತಗಳು ಕಂಡರೆ ಅದೊಂದು ಬೀಡು, ಇಲ್ಲವೇ ನೀರಿನ ಹೊಂಡ, ಇಲ್ಲವೇ ಒಲೆ. ಲಾಳದಾಕಾರದ ಬಾಗು ಕಂಡರೆ ಅಲ್ಲೊಬ್ಬರು ಕೂತಿದ್ದಾರೆ. ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆದ್ದರೆ ಉಳಿಯುವ ಅಚ್ಚೇ ಅದು. ವೃತ್ತಗಳನ್ನು ಕೂಡಿಸುವ ಗೆರೆ ನಡೆದ ದಾರಿ. ಮೂರು ಕವಲಿನ ಬಾಣದಂಥದ್ದು ಎಮು ಹಕ್ಕಿಯ ಹೆಜ್ಜೆ. ಅಂಕುಡೊಂಕಾದ ಗೆರೆಯ ಎರಡೂ ಬದಿಗೆ ಪುಟ್ಟ ಪಾದಗಳಿದ್ದರೆ ಪೋಸಮ್ ಎಂಬ ಪ್ರಾಣಿ ಬಾಲ ಎಳೆದುಕೊಂಡು ಹೋಗಿದೆ ಎಂದರ್ಥ. ಎಲ್ಲವೂ ಮೇಲಿನಿಂದ ನೆಲವನ್ನು ನೋಡಿದಾಗ ಕಾಣುವ ರೂಪಗಳು. ಇದನ್ನು ವಿಮಾನದಿಂದ ಕಂಡ ನೋಟ ಎಂದು ಹಲವರು ಬಣ್ಣಿಸುತ್ತಾರೆ. ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ಬೇಟೆಗಾರ ತಲೆ ತಗ್ಗಿಸಿ ಮಣ್ಣಿನ ಮೇಲಿನ ಜಾಡನ್ನು ನೋಡುತ್ತ ನಡೆಯುತ್ತಾನಲ್ಲ, ಅವನ ಕಣ್ಣಿನ ನೋಟ ಇದು. ಎತ್ತರ ಬರೀ ಒಂದಾಳು.

ಈ ಬಟ್ಟೆಯ ಮೇಲಿರುವುದು ಲುಂಕಾಟನ ಕಥೆಯೊಂದೇ ಅಲ್ಲ. ಒಟ್ಟು ಒಂಬತ್ತು ಕಥೆಗಳಿವೆ. ಎಮುಗಳ ಹಿಂಡು ಹಾದು ಹೋಗುತ್ತದೆ. ಮಾಲ ಎಂಬ, ಪುಟ್ಟ ಕಾಂಗರೂವಿನಂಥ ವಾಲಬಿ ಜನರು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತಾರೆ. ಐಲೆರಾನ್ ಕಡೆಯ ಹೆಂಗಸರು ಕುಣಿಯುತ್ತ ಬರುತ್ತಾರೆ. ಪೋಸಮ್ ಮನುಷ್ಯನ ಜಾಡು ಬೇರೆ. ಒಂದೊಂದು ದಾರಿಯೂ ನಿಜವಾದ ನೆಲದ ಮೇಲೆ ನಿಜವಾದ ಬಂಡೆ, ಹೊಂಡ, ಒಣ ಹಳ್ಳಗಳನ್ನು ಮುಟ್ಟುತ್ತ ಹೋಗುವಂಥದ್ದು. ಒಂಬತ್ತು ಪಯಣಗಳನ್ನು ಒಂದೇ ಬಟ್ಟೆಯಲ್ಲಿ ಕೂರಿಸಬೇಕಾದರೆ ದಿಕ್ಕುಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರ ಉತ್ತರ ಇನ್ನೊಂದರ ಪಕ್ಕಕ್ಕೆ ಬೀಳುತ್ತದೆ. ಕ್ಲಿಫರ್ಡ್ ಬಟ್ಟೆಯನ್ನು ನೆಲಕ್ಕೆ ಹಾಸಿ, ಅದರ ಸುತ್ತ ಜಾಗ ಬದಲಿಸುತ್ತ ಕೂತು ಬರೆಯುತ್ತಿದ್ದರು. ಹಾಗಾಗಿ ಚಿತ್ರಕ್ಕೆ ಮೇಲು ಕೆಳಗು ಎಂಬುದು ಹುಟ್ಟಿದ್ದು ಗೋಡೆಗೆ ತೂಗುಹಾಕಿದ ಮೇಲೆ.

ಈ ಕಥೆಗಳನ್ನು ಇಂಗ್ಲಿಷಿನವರು 'ಡ್ರೀಮಿಂಗ್' ಎಂದು ಕರೆದರು. ಅರೆಂಟೆ ಭಾಷೆಯ 'ಅಲ್ಚೆರ' ಎಂಬ ಪದವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಗೆ ಅನುವಾದಿಸಿದ್ದು ಇಂದಿಗೂ ಅಂಟಿಕೊಂಡಿದೆ. ಪಶ್ಚಿಮ ಮರುಭೂಮಿಯವರು ಇದನ್ನು ಜುಕುರ್ಪ ಎನ್ನುತ್ತಾರೆ. 'ಕನಸು' ಎಂದ ಕೂಡಲೇ ನಮಗೆ ನಿದ್ದೆ, ಭ್ರಮೆ ನೆನಪಾಗುತ್ತವೆ. 'ಪುರಾಣ' ಎಂದರೆ ಯಾವುದೋ ಯುಗದಲ್ಲಿ ಆಗಿ ಹೋದದ್ದು ಎನಿಸುತ್ತದೆ. ಜುಕುರ್ಪ ಆಗಿ ಹೋದದ್ದಲ್ಲ. ಪೂರ್ವಜರು ನಡೆದರು, ಜಗಳವಾಡಿದರು, ಬೇಟೆಯಾಡಿದರು, ಸತ್ತರು. ಅವರು ನಡೆದಲ್ಲೆಲ್ಲ ನೆಲ ಈಗಿನ ಆಕಾರ ತಳೆಯಿತು. ಅವರು ನೆಲದೊಳಗೇ ಇಳಿದು ಈಗಲೂ ಅಲ್ಲಿದ್ದಾರೆ. ಆ ದಾರಿಯನ್ನು ಹಾಡಿನಲ್ಲಿ ಹಾಡಬೇಕು, ಕುಣಿತದಲ್ಲಿ ಕುಣಿಯಬೇಕು, ಮೈ ಮೇಲೂ ನೆಲದ ಮೇಲೂ ಬರೆಯಬೇಕು. ಮಾಡದೆ ಹೋದರೆ ನೆಲ ಸೊರಗುತ್ತದೆ. ಮಾನವಶಾಸ್ತ್ರಜ್ಞ ಡಬ್ಲ್ಯು. ಇ. ಎಚ್. ಸ್ಟಾನರ್ 1950ರ ದಶಕದಲ್ಲಿ ಈ ಕಾಲದ ಕಲ್ಪನೆಗೆ 'ಎವ್ರಿವೆನ್' ಎಂಬ ಹೊಸ ಪದವನ್ನು ಟಂಕಿಸಿದರು. ಎಲ್ಲೆಲ್ಲೂ ಎಂಬಂತೆ ಎಂದೆಂದೂ. ಕನ್ನಡದಲ್ಲಿ ಒಂದೇ ಪದ ಹುಡುಕಿ ನಾನು ಸೋತಿದ್ದೇನೆ. 'ಕಟ್ಟಳೆ' ಎಂಬ ಹಳೆಯ ಮಾತು ಅರ್ಧ ದಾರಿಯವರೆಗಾದರೂ ಬರುತ್ತದೆ, ಏಕೆಂದರೆ ಜುಕುರ್ಪ ಕಥೆಯಾಗಿರುವಷ್ಟೇ ನಿಯಮವೂ ಆಗಿದೆ. ಪಾಲು ಕೊಡದ ಮಕ್ಕಳಿಗೆ ಏನಾಯಿತು ಎಂಬುದು ಆ ಬೆಂದ ನೆಲದಲ್ಲೇ ಬರೆದಿದೆ.

ಇಂಥ ಕಥೆ ಯಾರದ್ದು? ಇಲ್ಲಿಗೆ ಬಂದಾಗ ಹೆಸರಿನ ವಿಷಯ ಬಿಡಿಸಿ ಹೇಳಬೇಕು. ಪಶ್ಚಿಮ ಮರುಭೂಮಿಯ ಕಲಾವಿದರ ಪಟ್ಟಿ ಓದುವವರಿಗೆ ಆಗುವ ಮೊದಲ ಗೊಂದಲ ಇದು: ಕ್ಲಿಫರ್ಡ್ ಪೋಸಮ್ ಜಾಪಲ್‌ಜಾರಿ, ಟಿಮ್ ಲೂರಾ ಜಾಪಲ್‌ಜಾರಿ, ಬಿಲ್ಲಿ ಸ್ಟಾಕ್‌ಮನ್ ಜಾಪಲ್‌ಜಾರಿ, ಮಿಕ್ ನಾಮರಾರಿ ಜಾಪಲ್‌ಜಾರಿ. ಎಲ್ಲರೂ ಒಂದೇ ಮನೆಯವರೇ? ಅಲ್ಲ. ಜಾಪಲ್‌ಜಾರಿ ಮನೆತನದ ಹೆಸರಲ್ಲ, ಬಳಗದ ಹೆಸರು. ಇಡೀ ಸಮಾಜ ಇಂಥ ಎಂಟು ಬಳಗಗಳಲ್ಲಿ ಹಂಚಿಹೋಗಿದೆ. ಅದೇ ಬಳಗದ ಹೆಣ್ಣು ನಾಪಲ್‌ಜಾರಿ. ಯಾರು ಯಾರನ್ನು ಮದುವೆಯಾಗಬಹುದು, ಯಾರ ಮುಂದೆ ಮಾತಾಡಬಾರದು, ಯಾರ ಶವಸಂಸ್ಕಾರದಲ್ಲಿ ಯಾರು ಏನು ಮಾಡಬೇಕು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಚಂದವೆಂದರೆ ಅಪ್ಪನ ಬಳಗ ಮಗನಿಗೆ ಬರುವುದಿಲ್ಲ. ಜುಂಗುರಾಯಿ ಗಂಡಸಿನ ಮಗ ಜಾಪಲ್‌ಜಾರಿ, ಜಾಪಲ್‌ಜಾರಿಯ ಮಗ ಮತ್ತೆ ಜುಂಗುರಾಯಿ. ತಾತನ ಹೆಸರು ಮೊಮ್ಮಗನಿಗೆ ತಾನಾಗಿಯೇ ಮರಳುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಮನೆಗಳವರಿಗೆ ಇದು ತೀರಾ ಅಪರಿಚಿತವೆನಿಸಲಾರದು. ಕ್ಲಿಫರ್ಡ್ ಅವರ ಮಕ್ಕಳಾದ ಗೇಬ್ರಿಯೆಲಾ ಮತ್ತು ಮಿಶೆಲ್ ಇಬ್ಬರೂ ಚಿತ್ರಕಾರರು, ಇಬ್ಬರೂ ನುಂಗುರಾಯಿ.

ಕಥೆಯ ಒಡೆತನವೂ ಇದೇ ನೇಯ್ಗೆಯಲ್ಲಿದೆ. ನೆರೆಯ ವಾರ್ಲ್‌ಪಿರಿ ಜನ ಇದಕ್ಕೆ ಎರಡು ಪದಗಳನ್ನು ಬಳಸುತ್ತಾರೆ. ತಂದೆಯ ಕಡೆಯಿಂದ ಒಂದು ಜುಕುರ್ಪ ಬಂದವರು ಅದರ ಕಿರ್ದ, ಅಂದರೆ ಒಡೆಯರು. ಅದೇ ಜುಕುರ್ಪ ತಾಯಿಯ ಕಡೆಯಿಂದ ಬಂದವರು ಕುರ್ದುಂಗುರ್ಲು, ಅಂದರೆ ಕಾವಲುಗಾರರು. ಒಡೆಯ ಹಾಡುವಾಗ, ಕುಣಿಯುವಾಗ, ಬರೆಯುವಾಗ ಎಲ್ಲ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು ಕಾವಲುಗಾರನ ಕೆಲಸ. ಒಬ್ಬನೇ ಮನುಷ್ಯ ಒಂದು ಕಥೆಗೆ ಒಡೆಯ, ಇನ್ನೊಂದಕ್ಕೆ ಕಾವಲುಗಾರ. ತನ್ನ ಕಥೆಯನ್ನೂ ಒಬ್ಬಂಟಿಯಾಗಿ ಮನಸ್ಸಿಗೆ ಬಂದಂತೆ ತಿದ್ದಲಾಗದು. ಇನ್ನು ತನ್ನದಲ್ಲದ ಕಥೆಯನ್ನು ಬರೆದರೆ ಅದು ಕಳವು. ಯುರೋಪಿನ ಕಲಾವಿದ ತನ್ನ ಸ್ವಂತ ಕಲ್ಪನೆಯನ್ನು ಹೆಮ್ಮೆಯಿಂದ ಮುಂದಿಡುತ್ತಾನೆ; ಇಲ್ಲಿ ಹೆಮ್ಮೆ ಇರುವುದು ಬರೆಯುವ ಅಧಿಕಾರ ತನಗಿದೆ ಎಂಬುದರಲ್ಲಿ.

ಕ್ಲಿಫರ್ಡ್ ಹುಟ್ಟಿದ್ದು ಸುಮಾರು 1932ರಲ್ಲಿ, ನ್ಯಾಪರ್‌ಬಿ ಎಂಬ ದನದ ಜಹಗೀರಿನಲ್ಲಿ, ಅನ್ಮಾಚೆರ ಜನರ ನಡುವೆ. ಅವರ ಜನಕ್ಕೆ ಅದು ಒಳ್ಳೆಯ ಕಾಲವಾಗಿರಲಿಲ್ಲ. 1928ರಲ್ಲಿ ಅದೇ ಸೀಮೆಯ ಕಾನಿಸ್ಟನ್‌ನಲ್ಲಿ ಒಬ್ಬ ಬಿಳಿಯ ಬೇಟೆಗಾರನ ಕೊಲೆಗೆ ಸೇಡಾಗಿ ಪೊಲೀಸ್ ತಂಡವೊಂದು ವಾರಗಟ್ಟಲೆ ಸುತ್ತಾಡಿ ಕಂಡಕಂಡಲ್ಲಿ ಜನರನ್ನು ಗುಂಡಿಟ್ಟು ಕೊಂದಿತ್ತು. ಸರ್ಕಾರಿ ಲೆಕ್ಕ 31. ಅಲ್ಲಿಯ ಜನರ ನೆನಪಿನ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಆ ಹತ್ಯಾಕಾಂಡದಿಂದ ಪಾರಾದವರಲ್ಲಿ ಗ್ವೋಯಾ ಜುಂಗುರಾಯಿ ಒಬ್ಬರು. ಮುಂದೆ ಅವರು ಕ್ಲಿಫರ್ಡ್ ಅವರ ಮಲತಂದೆಯಾದರು. 1950ರಲ್ಲಿ ಅದೇ ಗ್ವೋಯಾ ಅವರ ಮುಖವನ್ನು ಆಸ್ಟ್ರೇಲಿಯ ಅಂಚೆಚೀಟಿಯ ಮೇಲೆ ಅಚ್ಚು ಹಾಕಿತು. ಗುಂಡು ತಪ್ಪಿಸಿಕೊಂಡ ಮುಖವೇ ಸರ್ಕಾರದ ಮುದ್ರೆಯಾಯಿತು. ಇದಕ್ಕೆ ಏನನ್ನಬೇಕೋ ಓದುಗರೇ ಹೇಳಿಕೊಳ್ಳಲಿ.

ಹುಡುಗ ಬೆಳೆದು ದನ ಕಾಯುವ ಸವಾರನಾದ. ಜಾನುವಾರುಗಳ ಹಿಂದೆ ಕುದುರೆಯ ಮೇಲೆ ಅಲೆದ ಆ ವರ್ಷಗಳು ವ್ಯರ್ಥವಾಗಲಿಲ್ಲ. ಕಥೆಗಳಲ್ಲಿ ಕೇಳಿದ ಜಾಗಗಳೆಲ್ಲ ಕಣ್ಣಿಗೆ ಬಿದ್ದವು. ಮರದಲ್ಲಿ ಹಾವು, ಉಡಗಳನ್ನು ಕೆತ್ತುವುದರಲ್ಲಿ ಕೈ ಪಳಗಿತು.

ಅತ್ತ 1959ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿಲೋಮೀಟರ್ ದೂರದಲ್ಲಿ ಸರ್ಕಾರ ಪಪುನ್ಯಾ ಎಂಬ ನೆಲೆಯನ್ನು ಕಟ್ಟಿತ್ತು. ಪಿಂಟುಪಿ, ಲುರಿಚ, ವಾರ್ಲ್‌ಪಿರಿ, ಅನ್ಮಾಚೆರ, ಅರೆಂಟೆ ಹೀಗೆ ಬೇರೆ ಬೇರೆ ಭಾಷೆಯವರನ್ನು ಒಂದೆಡೆ ತಂದು ಬಿಳಿಯರ ಬಾಳಿಗೆ ಒಗ್ಗಿಸುವುದು ಉದ್ದೇಶ. ಹೆಚ್ಚಿನವರಿಗೆ ತಮ್ಮ ನೆಲ ಕಣ್ಣಿಗೆ ಕಾಣದಷ್ಟು ದೂರ. 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ತರುಣ ಅಲ್ಲಿಯ ಶಾಲೆಗೆ ಮೇಷ್ಟ್ರಾಗಿ ಬಂದರು. ಶಾಲೆಯ ಗೋಡೆಯ ಮೇಲೆ ದೊಡ್ಡ ಚಿತ್ರವೊಂದನ್ನು ಬರೆಯುವ ಮಾತು ಎದ್ದಿತು. ಊರಿನ ಗಂಡಸರು ಆರಿಸಿಕೊಂಡದ್ದು ಆ ಜಾಗದ್ದೇ ಆದ ಜೇನಿರುವೆಯ ಜುಕುರ್ಪವನ್ನು. ಹೊಟ್ಟೆಯಲ್ಲಿ ಜೇನಿನಂಥ ಸಿಹಿ ತುಂಬಿಕೊಂಡು ನೆಲದಡಿ ನೇತಾಡುವ ಇರುವೆ ಅದು. ಅಗೆದು ತೆಗೆದು ತಿನ್ನುತ್ತಾರೆ. ಕಾಪಾ ಜಾಂಪಿಜಿನ್ಪ ಮುಂದಾಳಾಗಿ ಕುಂಚ ಹಿಡಿದರು. ಮೊದಲು ಅವರು ಬರೆದ ಇರುವೆಗಳಿಗೆ ಪಠ್ಯಪುಸ್ತಕದ ಚಿತ್ರದಂತೆ ಕಾಲುಗಳಿದ್ದವು. ಇವು ನಿಮ್ಮ ಇರುವೆಗಳೇ ಎಂದು ಬಾರ್ಡನ್ ಕೇಳಿದರು. ಕಾಪಾ ಆ ಇರುವೆಗಳನ್ನು ಅಳಿಸಿ, ತಮ್ಮವರ ಗುರುತನ್ನೇ ಬರೆದರು. ವೃತ್ತಗಳು, ಅವನ್ನು ಕೂಡಿಸುವ ದಾರಿ, ಬದಿಯಲ್ಲಿ ಇರುವೆಯ ಚಿಹ್ನೆ. ಆಸ್ಟ್ರೇಲಿಯದ ಕಲೆಯ ಇತಿಹಾಸ ಹೊರಳಿಕೊಂಡ ಕ್ಷಣ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಆ ಗೋಡೆ ಮಾತ್ರ ಉಳಿಯಲಿಲ್ಲ. 1974ರಲ್ಲಿ ಅದರ ಮೇಲೆ ಬಣ್ಣ ಬಳಿದು ಮುಚ್ಚಿದರು. ಉಳಿದಿರುವುದು ಫೋಟೊಗಳು.

ಗೋಡೆಯ ನಂತರ ಸಿಕ್ಕಿದ್ದೆಲ್ಲ ಬರೆಯುವ ಹಲಗೆಯಾಯಿತು: ಕಟ್ಟಡದ ಹಲಗೆಯ ಚೂರು, ಹಣ್ಣಿನ ಪೆಟ್ಟಿಗೆಯ ಪಟ್ಟಿ, ನೆಲಕ್ಕೆ ಹಾಸುವ ಟೈಲ್ಸ್. 1972ರಲ್ಲಿ ಕಲಾವಿದರೇ ಒಡೆಯರಾದ ಪಪುನ್ಯಾ ಟೂಲಾ ಎಂಬ ಕಂಪನಿ ಹುಟ್ಟಿತು, ಇಂದಿಗೂ ನಡೆಯುತ್ತಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಅಣ್ಣ ಟಿಮ್ ಲೂರಾ ಮೂಲಕ ಕ್ಲಿಫರ್ಡ್ ಆ ಗುಂಪಿಗೆ ಸೇರಿದರು.

ಇಲ್ಲಿ ಎಡವಟ್ಟಾಯಿತು. ಹಿಂದೆ ಈ ಚಿತ್ರಗಳನ್ನು ಬರೆಯುತ್ತಿದ್ದುದು ಆಚರಣೆಯ ನೆಲದ ಮೇಲೆ, ಅದನ್ನು ಕಾಣುವ ಅರ್ಹತೆ ಇದ್ದವರ ಮುಂದೆ. ಕೆಂಪು, ಹಳದಿ ಮಣ್ಣು, ಬಿಳಿ ಜೇಡಿ, ಇದ್ದಿಲು, ಗಿಡದ ನವಿರು ತುಪ್ಪಳ. ಕುಣಿತ ಮುಗಿಯುವಷ್ಟರಲ್ಲಿ ಚಿತ್ರ ಕಾಲಡಿ ಅಳಿಸಿ ಹೋಗುತ್ತಿತ್ತು. ಕರಾವಳಿಯಲ್ಲಿ ನಾಗಮಂಡಲ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ರಾತ್ರಿಯಿಡೀ ಇದ್ದ ಬಣ್ಣದ ಮಂಡಲ ಬೆಳಗಾದ ಮೇಲೆ ಇರುವುದಿಲ್ಲ, ಇರಲೂ ಬಾರದು. ಹಲಗೆಯ ಮೇಲಿನ ಬಣ್ಣವಾದರೋ ಅಳಿಸುವುದಿಲ್ಲ. ಲಾರಿ ಹತ್ತಿ ಪಟ್ಟಣಕ್ಕೆ ಹೋಗುತ್ತದೆ, ಯಾರೆಂದರೆ ಯಾರೋ ನೋಡುತ್ತಾರೆ. ಮೊದಮೊದಲ ಹಲಗೆಗಳಲ್ಲಿ ದೀಕ್ಷೆ ಪಡೆದ ಗಂಡಸರಷ್ಟೇ ಕಾಣಬೇಕಾದ ವಸ್ತುಗಳು ಹಾಗೆ ಹಾಗೆಯೇ ಇದ್ದವು. ಸುದ್ದಿ ಹರಡಿದಾಗ ಮರುಭೂಮಿಯ ಬೇರೆ ಊರುಗಳ ಹಿರಿಯರು ಕೆರಳಿದರು. ಆ ಕಾಲದ ಕೆಲವು ಹಲಗೆಗಳನ್ನು ಇಂದಿಗೂ ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಇಟ್ಟಿದ್ದಾರೆ.

ಕಲಾವಿದರು ಬರೆಯುವುದನ್ನು ನಿಲ್ಲಿಸಲಿಲ್ಲ, ಮುಚ್ಚುವುದನ್ನು ಕಲಿತರು. ಕೆಲವು ಆಕೃತಿಗಳು ಹೋದವು, ಕೆಲವು ಸರಳವಾದವು, ಮತ್ತು ಚುಕ್ಕೆಗಳು ದಟ್ಟವಾದವು. ಮರುಭೂಮಿಯ ಚಿತ್ರ ಎಂದ ಕೂಡಲೇ ಜಗತ್ತು ನೆನೆಯುವ ಆ ಚುಕ್ಕೆಗಳ ಹಾಸು ಹರಡಿಕೊಂಡಿದ್ದು ಈ ಬಿಕ್ಕಟ್ಟಿನ ನಂತರ. ಚುಕ್ಕೆ ಕಂಡರೆ ನಮಗೆ ರಂಗೋಲಿ ನೆನಪಾಗುವುದು ಸಹಜ. ಆದರೆ ರಂಗೋಲಿಯಲ್ಲಿ ಚುಕ್ಕೆ ಮೊದಲು. ಅದು ಗೆರೆಗೆ ದಾರಿ ತೋರಿಸುತ್ತದೆ. ಇಲ್ಲಿ ಮೊದಲು ಕಪ್ಪು ಅಥವಾ ಕಂದು ನೆಲ ಬಳಿದು, ಅದರ ಮೇಲೆ ವೃತ್ತ, ದಾರಿ, ಹೆಜ್ಜೆಗಳನ್ನು ಮೂಡಿಸಿ, ಚುಕ್ಕೆಗಳನ್ನು ಕೊನೆಗೆ ಇಡುತ್ತಾರೆ. ಕಡ್ಡಿಯ ತುದಿಯನ್ನೋ ಕುಂಚದ ಹಿಂಬದಿಯನ್ನೋ ಬಣ್ಣದಲ್ಲಿ ಅದ್ದಿ ಒತ್ತುತ್ತ ಒತ್ತುತ್ತ ದಿನಗಟ್ಟಲೆ ಸಾಗುವ ಕೆಲಸ. ಅವು ಅಲಂಕಾರವೂ ಹೌದು, ಬೇಲಿಯೂ ಹೌದು. ಕ್ಲಿಫರ್ಡ್ ಕೈಯಲ್ಲಿ ಮೂರನೆಯ ಕೆಲಸವನ್ನೂ ಮಾಡಿದವು. ಬೂದಿಯ ಬಿಳುಪು, ಹೊಗೆ, ಸುಟ್ಟ ನೆಲದ ಕಪ್ಪು, ಮಳೆ ಬಿದ್ದ ಮೇಲೆ ಚಿಗುರಿದ ಹುಲ್ಲು ಎಲ್ಲವನ್ನೂ ಚುಕ್ಕೆಯ ಬಣ್ಣ ಬದಲಿಸುತ್ತ ಅವರು ತೋರಿಸಿದರು. ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದವರು ಅದನ್ನು ಚಂದದ ವಿನ್ಯಾಸ ಎಂದುಕೊಂಡಿದ್ದರೆ ತಪ್ಪೇನಿಲ್ಲ. ಹೊರಗಿನವರಿಗೆ ಅಷ್ಟೇ ಕಾಣಲಿ ಎಂದು ಬರೆದದ್ದು ಅದು. ಚಿತ್ರದ ಜೊತೆ ಗ್ಯಾಲರಿಗಳು ಅಂಟಿಸುವ ವಿವರಣೆಯೂ ಅಷ್ಟೇ: ಮಕ್ಕಳಿಗೂ ಹೇಳಬಹುದಾದ ಹೊರಪದರದ ಕಥೆ. ನಾನು ಮೇಲೆ ಹೇಳಿದ ಲುಂಕಾಟನ ಕಥೆಯೂ ಆ ಹೊರಪದರದ್ದೇ.

ಹಣದ ಕಥೆ ಬೇಸರದ್ದು, ಬೇಗ ಮುಗಿಸುತ್ತೇನೆ. ಇದೇ ಗುಂಪಿನ ಜಾನಿ ವಾರಂಗುಲ ಜುಪುರುಲ 1972ರಲ್ಲಿ ಬರೆದ ನೀರಿನ ಜುಕುರ್ಪದ ಹಲಗೆಗೆ ಅವರಿಗೆ ಸಿಕ್ಕಿದ್ದು 150 ಡಾಲರ್. 1997ರಲ್ಲಿ ಅದು 2,06,000 ಡಾಲರ್‌ಗೆ, 2000ದಲ್ಲಿ 4,86,500 ಡಾಲರ್‌ಗೆ ಹರಾಜಾಯಿತು. ಮುದುಕರಾಗಿದ್ದ, ಬಡವರಾಗಿದ್ದ ಕಲಾವಿದರಿಗೆ ಅದರಲ್ಲಿ ಪಾಲು ಕೊಡಬೇಕೆಂಬ ಕಾನೂನು ಆಗ ಇರಲಿಲ್ಲ. ಮರುಮಾರಾಟದಲ್ಲಿ ಶೇಕಡಾ 5ರಷ್ಟು ಕಲಾವಿದರಿಗೆ ಸಲ್ಲಬೇಕೆಂಬ ನಿಯಮ ಜಾರಿಗೆ ಬಂದದ್ದು 2010ರಲ್ಲಿ. ಕ್ಲಿಫರ್ಡ್ ಅವರಿಗೆ ಬಂದ ಕಷ್ಟ ಇನ್ನೊಂದು ಬಗೆಯದು. 1988ರಲ್ಲಿ ಲಂಡನ್ನಿನ ಸಮಕಾಲೀನ ಕಲೆಗಳ ಸಂಸ್ಥೆಯಲ್ಲಿ ಏಕವ್ಯಕ್ತಿ ಪ್ರದರ್ಶನ ಕಂಡ ಮೇಲೆ ಅವರ ಹೆಸರಿಗೆ ಬೆಲೆ ಬಂತು, ಬೆಲೆಯ ಹಿಂದೆಯೇ ನಕಲಿ ಬಂತು. 1999ರಲ್ಲಿ ಸಿಡ್ನಿಯಲ್ಲಿ ತಮ್ಮ ಹೆಸರಿನ ಚಿತ್ರಗಳ ಮುಂದೆ ನಿಂತು, ಇದು ನನ್ನದಲ್ಲ, ಇದೂ ನನ್ನದಲ್ಲ ಎಂದು ಅವರೇ ಬೇರ್ಪಡಿಸಬೇಕಾಯಿತು. 2001ರಲ್ಲಿ ಒಬ್ಬ ವ್ಯಾಪಾರಿಗೆ ಶಿಕ್ಷೆಯಾಯಿತು. ಪತ್ರಿಕೆಗಳು ಅದನ್ನು ಸಹಿಯ ನಕಲು ಎಂದವು. ಅನ್ಮಾಚೆರ ಹಿರಿಯರ ಕಣ್ಣಲ್ಲಿ ಅದು ಇನ್ನೊಬ್ಬರ ಪೂರ್ವಜರನ್ನು ಕದ್ದದ್ದು.

2002ರ ಜೂನ್ 21ರಂದು ಕ್ಲಿಫರ್ಡ್ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ತೀರಿಕೊಂಡರು. ಆರ್ಡರ್ ಆಫ್ ಆಸ್ಟ್ರೇಲಿಯ ಗೌರವವನ್ನು ಅವರಿಗೆ ಪ್ರದಾನ ಮಾಡಲು ಗೊತ್ತಾಗಿದ್ದ ದಿನವೂ ಅದೇ. ಸತ್ತವರ ಹೆಸರನ್ನು ಕೆಲವು ಕಾಲ ಬಾಯಿಗೆ ತರಬಾರದು ಎಂಬುದು ಮರುಭೂಮಿಯ ರೂಢಿ. ಆಸ್ಟ್ರೇಲಿಯದ ಟಿವಿಯಲ್ಲಿ ಇಂಥ ಕಾರ್ಯಕ್ರಮಗಳ ಮೊದಲು ಎಚ್ಚರಿಕೆಯ ಸಾಲು ಬರುವುದು ಇದೇ ಕಾರಣಕ್ಕೆ.

ಚಿತ್ರವೆಂದರೆ ನೆಲದ ಹಕ್ಕುಪತ್ರ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡವರ ಸಂಗತಿಯೊಂದಿದೆ. ಪಶ್ಚಿಮ ಆಸ್ಟ್ರೇಲಿಯದ ಗ್ರೇಟ್ ಸ್ಯಾಂಡಿ ಮರುಭೂಮಿಯ ವಾಲ್ಮಜಾರಿ, ವಾಂಗ್ಕಜುಂಗ ಮುಂತಾದ ಜನರು ತಮ್ಮ ಭೂಮಿಗಾಗಿ ನ್ಯಾಯಮಂಡಳಿಯ ಮುಂದೆ ಹೋಗಿದ್ದರು. ಈ ನೆಲ ನಿಮ್ಮದೆಂಬುದಕ್ಕೆ ಪುರಾವೆ ಏನು? ಕಾಗದ ಇರಲಿಲ್ಲ, ಇಂಗ್ಲಿಷ್ ಹಲವರಿಗೆ ಬರುತ್ತಿರಲಿಲ್ಲ. 1997ರಲ್ಲಿ 40ಕ್ಕೂ ಹೆಚ್ಚು ಮಂದಿ ಸೇರಿ ಸುಮಾರು ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಬಟ್ಟೆಯನ್ನು ನೆಲಕ್ಕೆ ಹಾಸಿದರು. ಪ್ರತಿಯೊಬ್ಬರೂ ತಮ್ಮ ನೀರಿನ ಹೊಂಡವನ್ನು, ಅದು ನಿಜವಾಗಿ ಇರುವ ಕಡೆಯೇ, ತಾವೇ ಬರೆದರು. ಇನ್ನೊಬ್ಬರ ಹೊಂಡಕ್ಕೆ ಕೈ ಹಾಕಲಿಲ್ಲ. ನ್ಯಾಯಮಂಡಳಿಯವರು ಬಂದಾಗ ಬಟ್ಟೆಯನ್ನು ಎತ್ತಿ ತೋರಿಸಲಿಲ್ಲ. ಒಬ್ಬೊಬ್ಬರಾಗಿ ಅದರ ಮೇಲೆ ನಡೆದು ಹೋಗಿ, ತಾವು ಬರೆದ ಜಾಗದ ಮೇಲೆ ನಿಂತು, ತಮ್ಮ ಭಾಷೆಯಲ್ಲಿ ಸಾಕ್ಷಿ ನುಡಿದರು. 70,000 ಚದರ ಕಿಲೋಮೀಟರ್‌ಗೂ ಹೆಚ್ಚಿನ ನೆಲ ಅವರದ್ದೆಂಬ ತೀರ್ಪು ಬಂದದ್ದು 2007ರ ನವೆಂಬರ್‌ನಲ್ಲಿ, 'ವಾರ್ಲುಗುಲಾಂಗ್' 24 ಲಕ್ಷ ಡಾಲರ್‌ಗೆ ಹೋದ ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಆ ಬಟ್ಟೆಗೆ ಹತ್ತು ವರ್ಷ ತುಂಬಿತ್ತು, ಅದರ ಮೇಲೆ ನಿಂತು ಮಾತಾಡಿದ್ದ ಹಲವರು ತೀರಿಕೊಂಡಿದ್ದರು.